ಸಾಂಬಾ ಜೊತೆ ಮೂರು ವರ್ಷ: ಕೈಕೊಟ್ಟದ್ದು ನಾನೇ ಕಟ್ಟಿದ ಕರ್ನಲ್

ಮನೆಯ ಲಿನಕ್ಸ್ ಯಂತ್ರಕ್ಕೂ ವಿಂಡೋಸ್ 10 ಲ್ಯಾಪ್‌ಟಾಪ್‌ಗೂ ನಡುವೆ ಕಡತಗಳನ್ನು ಹಂಚಿಕೊಳ್ಳಲು ಮೂರು ವರ್ಷಗಳಿಂದ ಸಾಂಬಾ ಬಳಸುತ್ತಿದ್ದೇನೆ. ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಈ ತಂತ್ರಾಂಶವನ್ನು ಹೊಂದಿಸುವುದು ಕಷ್ಟವಲ್ಲ; ಲಿನಕ್ಸ್ ಲಾಗಿನ್‌ನ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ, ಸಾಂಬಾಕ್ಕೆಂದೇ ಬೇರೆ ಪಾಸ್‌ವರ್ಡ್ ಕೊಡಬೇಕು ಎಂಬುದೊಂದು ನೆನಪಿದ್ದರೆ ಸಾಕು. ಇಷ್ಟು ದಿನಗಳಲ್ಲಿ ಅದರಿಂದ ಒಮ್ಮೆಯೂ ತೊಂದರೆಯಾಗಿಲ್ಲ.

ತೊಂದರೆ ತಂದುಕೊಂಡವನು ನಾನೇ. ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಮೂಲಸಂಕೇತದಿಂದ ನಾನೇ ಕಟ್ಟುವ ಕೆಲಸ, ಅಂದರೆ ಕಂಪೈಲ್, ಬೇಗ ಮುಗಿಯಲೆಂದು 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಆಜ್ಞೆಯನ್ನು ಬಳಸಿದೆ. ಹೊಸ ಕರ್ನಲ್‌ನಲ್ಲಿ ಬೂಟ್ ಮಾಡಿ ವಿಂಡೋಸ್ ಫೋಲ್ಡರನ್ನು ಮೌಂಟ್ ಮಾಡಲು (ಲಿನಕ್ಸ್‌ನ ಫೋಲ್ಡರಿನಂತೆ ಜೋಡಿಸಿಕೊಳ್ಳಲು) ಹೋದಾಗ, ಸಿಐಎಫ್‌ಎಸ್‌ಗೆ (ವಿಂಡೋಸ್ ಹಂಚಿಕೆಯನ್ನು ಲಿನಕ್ಸ್‌ನಲ್ಲಿ ತೆರೆಯುವ ಏರ್ಪಾಡು) ಈ ವ್ಯವಸ್ಥೆಯಲ್ಲಿ ಬೆಂಬಲವಿಲ್ಲವೆಂಬ ಸಂದೇಶವೂ ಅದರ ಕೆಳಗೆ ದೋಷಸಂಖ್ಯೆ 19 ಕೂಡ ಕಾಣಿಸಿದವು. ವಿಚಿತ್ರವೆಂದರೆ, ವಿಂಡೋಸ್ ಕಡೆಯಿಂದ ಲಿನಕ್ಸ್ ಫೋಲ್ಡರ್ ಎಂದಿನಂತೆಯೇ ತೆರೆಯುತ್ತಿತ್ತು. ಫೈರ್‌ವಾಲ್, ಕಡತ ಹಂಚಿಕೆಗೆ ವಿಂಡೋಸ್ ಬಳಸುವ ಎಸ್‌ಎಂಬಿ ನಿಯಮಾವಳಿಯ ಆವೃತ್ತಿ ಎಂದು ಹುಡುಕುತ್ತಾ ಎರಡು ಸಂಜೆ ಕಳೆದೆ. ಸಂದೇಶವನ್ನೇ ಸರಿಯಾಗಿ ಓದಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಸಾಂಬಾ ಸರ್ವರ್ ಸಾಮಾನ್ಯ ಪ್ರೋಗ್ರಾಂನಂತೆ ಕರ್ನಲ್‌ನ ಹೊರಗೆ ನಡೆಯುತ್ತದೆ, ಆದರೆ ವಿಂಡೋಸ್ ಫೋಲ್ಡರನ್ನು ಇಲ್ಲಿ ಮೌಂಟ್ ಮಾಡಲು ಕರ್ನಲ್‌ನ ಸಿಐಎಫ್‌ಎಸ್ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ತುಣುಕು) ಬೇಕೇ ಬೇಕು. ನಾನು ಬಳಸಿದ ಆಜ್ಞೆಯು ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅಂದು ಲ್ಯಾಪ್‌ಟಾಪ್ ಆಫ್ ಆಗಿತ್ತು, ಮೌಂಟ್ ಇರಲಿಲ್ಲ, ಮಾಡ್ಯೂಲ್ ಬಿಟ್ಟುಹೋಯಿತು. ಕರ್ನಲ್‌ನ ಆಯ್ಕೆಗಳನ್ನು ಬದಲಿಸುವ ಮೆನುಕಾನ್ಫಿಗ್‌ನಲ್ಲಿ ಫೈಲ್ ಸಿಸ್ಟಮ್ಸ್, ಅದರೊಳಗೆ ನೆಟ್‌ವರ್ಕ್ ಫೈಲ್ ಸಿಸ್ಟಮ್ಸ್‌ಗೆ ಹೋಗಿ ಸಿಐಎಫ್‌ಎಸ್ ಬೆಂಬಲಕ್ಕೆ 'ಎಂ' (ಮಾಡ್ಯೂಲ್ ಆಗಿ ಸೇರಿಸು) ಒತ್ತಿ ಮತ್ತೆ ಕಂಪೈಲ್ ಮಾಡಿದ ಮೇಲೆ ಎಲ್ಲವೂ ಸರಿಹೋಯಿತು. ಈಗ ಆ ಆಜ್ಞೆ ಕೊಡುವ ಮುನ್ನ ಪೆನ್‌ಡ್ರೈವ್, ಪ್ರಿಂಟರ್, ವಿಂಡೋಸ್ ಫೋಲ್ಡರ್ ಎಲ್ಲವನ್ನೂ ಜೋಡಿಸಿಕೊಳ್ಳುತ್ತೇನೆ.

ಇನ್ನೊಂದು ಮಾತು. ಜಾಗ ಉಳಿಸಲೆಂದು ಕರ್ನಲ್‌ನ ಮೂಲಸಂಕೇತವನ್ನು ವಿಂಡೋಸ್ ಫೋಲ್ಡರಿನಲ್ಲೇ ಬಿಚ್ಚಿಟ್ಟು ಕಂಪೈಲ್ ಮಾಡುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಕೈಬಿಡಿ. ಮೂಲಸಂಕೇತದಲ್ಲಿ ನೆಟ್‌ವರ್ಕ್ ಸಂಚಾರವನ್ನು ಸೋಸುವ ನೆಟ್‌ಫಿಲ್ಟರ್ ವಿಭಾಗದಲ್ಲಿ 'ಎಕ್ಸ್‌ಟಿ_ಮಾರ್ಕ್.ಎಚ್' ಎಂಬ ಹೆಸರಿನ ಕಡತಗಳು ಎರಡಿವೆ: ಒಂದರಲ್ಲಿ 'ಮಾರ್ಕ್' ದೊಡ್ಡಕ್ಷರಗಳಲ್ಲಿ, ಇನ್ನೊಂದರಲ್ಲಿ ಸಣ್ಣಕ್ಷರಗಳಲ್ಲಿ. ಲಿನಕ್ಸ್‌ಗೆ ಅವು ಬೇರೆ ಬೇರೆ. ವಿಂಡೋಸ್ ಹಂಚಿಕೆಯಲ್ಲಿ ಸಾಮಾನ್ಯವಾಗಿ ಎರಡೂ ಒಂದೇ, ಹಾಗಾಗಿ ಒಂದರ ಮೇಲೊಂದು ಬರೆದುಕೊಳ್ಳುತ್ತವೆ. ನಾನು ಕಂಪೈಲನ್ನು ಲಿನಕ್ಸ್‌ನ ಡಿಸ್ಕ್ ವಿಭಾಗದಲ್ಲೇ ಮುಗಿಸಿ, ಸಿದ್ಧವಾದ ಪ್ಯಾಕೇಜನ್ನು ಮಾತ್ರ ಸಾಂಬಾ ಫೋಲ್ಡರಿಗೆ ಹಾಕುತ್ತೇನೆ.