ಮಡಿಕೇರಿ ಘಾಟಿಗೆ ಎಂ340ಐ ಸರಿಯೋ, ಸಿ43 ಸರಿಯೋ?

ಕೊಡಗಿನಲ್ಲಿ ಇದ್ದುಕೊಂಡು ಈ ಎರಡು ಕಾರುಗಳಲ್ಲಿ ಒಂದನ್ನು ಕೊಳ್ಳುವುದಾದರೆ ನನ್ನ ಓಟು ಬಿಎಂಡಬ್ಲ್ಯೂ ಎಂ340ಐಗೆ. ಮೂರು ಲೀಟರ್, ಆರು ಸಿಲಿಂಡರ್ ಎಂಜಿನ್, 374 ಎಚ್‌ಪಿ. ನೂರು ಕಿಲೋಮೀಟರ್ ವೇಗಕ್ಕೆ 4.4 ಸೆಕೆಂಡ್. ಮರ್ಸಿಡಿಸ್ ಎಎಂಜಿ ಸಿ43ರಲ್ಲಿ ಇರುವುದು ಎರಡು ಲೀಟರಿನ ನಾಲ್ಕು ಸಿಲಿಂಡರ್, ಆದರೂ ಪವರ್ 400 ಎಚ್‌ಪಿ ದಾಟುತ್ತದೆ, ವೇಗದಲ್ಲಿ ಮಾತ್ರ ಕೂದಲೆಳೆಯಷ್ಟು ಹಿಂದೆ, 4.6 ಸೆಕೆಂಡ್. ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಈ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತೆ ಹೇಳಿ?

ಸಿ43ರ ನಿಜವಾದ ಗಮ್ಮತ್ತು ತಿರುವಿನಲ್ಲಿ. ಹಿಂದಿನ ಚಕ್ರಗಳೂ ಸ್ವಲ್ಪ ತಿರುಗುವುದರಿಂದ ಹೇರ್‌ಪಿನ್‌ನಲ್ಲಿ ಕಾರು ಚಿಕ್ಕದಾದ ಹಾಗೆ ಅನಿಸುತ್ತೆ. ಆದರೆ ಆರು ಸಿಲಿಂಡರಿನ ನಯ, ಆ ಸದ್ದು ಇದರಲ್ಲಿ ಇಲ್ಲ. ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತದೆ, ಜುಲೈ ಮಳೆಗೆ ಅದು ಬೇಕೇ ಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ಲೆಕ್ಕ ಪೂರ್ತಿ ಒಂದೇ ಕಡೆ ವಾಲುತ್ತದೆ. ಎಂ340ಐ ಚೆನ್ನೈಯಲ್ಲಿ ಜೋಡಣೆಯಾಗುತ್ತದೆ, 2022ರ ಕೊನೆಗೆ ಹೊಸ ರೂಪದಲ್ಲಿ ಬಂದಾಗ ಎಕ್ಸ್-ಶೋರೂಮ್ 69.2 ಲಕ್ಷ. ಸಿ43 ಪೂರ್ತಿ ಆಮದು, 2023ರಲ್ಲಿ 98 ಲಕ್ಷ. ಕರ್ನಾಟಕದ ರಸ್ತೆ ತೆರಿಗೆ ಶೇ. 18, ಮೇಲೆ ಸೆಸ್ಸು ಬೇರೆ, ಅಂದರೆ ತೆರಿಗೆಯಲ್ಲೇ ಐದು ಲಕ್ಷಕ್ಕೂ ಜಾಸ್ತಿ ಫರಕು. ಇನ್ಶೂರೆನ್ಸೂ ಬೆಲೆಯ ಜೊತೆಗೇ ಏರುತ್ತದೆ.

ಯಾವ ಕಾರಾದರೂ ಸರ್ವೀಸಿಗೆ ಘಾಟಿ ಇಳಿಯಲೇಬೇಕು. ತೋಟದೊಳಗಿನ ಮಣ್ಣು ದಾರಿಗಂತೂ ಎರಡೂ ಬೇಡ, ಅದಕ್ಕೆ ಜೀಪ್ ಇದೆ ಅಲ್ವಾ?