ಸಂಚಾರ್ ಸಾಥಿ: ವೆಬ್‌ಸೈಟಿಗೆ ನಾಲ್ಕು ಸ್ಟಾರ್, ಆಪಿಗೆ ಎರಡೇ

ಮೊದ್ಲೇ ಹೇಳ್ಬಿಡ್ತೀನಿ, ಸರ್ಕಾರದ್ದು ಅಂತ ಬಯ್ಯೋಕೆ ಕೂತಿಲ್ಲ, ಹೊಗಳೋಕೂ ಕೂತಿಲ್ಲ. ನಮ್ಮ ಹೆಸರಲ್ಲಿರೋ ಸಿಮ್ ನೋಡೋಕೆ, ಕಳೆದುಹೋದ ಫೋನ್ ಬ್ಲಾಕ್ ಮಾಡೋಕೆ ಅಂತ ಇರೋ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟು 2023ರ ಮೇನಲ್ಲಿ ಬಂತು, ಅದೇ ಹೆಸರಿನ ಆಪ್ 2025ರ ಜನವರಿಯಲ್ಲಿ. ಜನ ಎರಡನ್ನೂ ಒಂದೇ ಅಂದ್ಕೊಂಡು ಒಬ್ರು ಸೂಪರ್ ಅಂತಾರೆ, ಇನ್ನೊಬ್ರು ಬೇಹುಗಾರಿಕೆ ಅಂತಾರೆ, ಆದ್ರೆ ನನ್ನ ಪ್ರಕಾರ ಎರಡಕ್ಕೂ ಬೇರೆ ಬೇರೆ ಮಾರ್ಕ್ಸ್ ಕೊಡ್ಬೇಕು.

ವೆಬ್‌ಸೈಟಲ್ಲಿ ನಂಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ತೋರ್ಸೋ ಭಾಗ. ನಂಬರ್ ಹಾಕಿ, ಕ್ಯಾಪ್ಚಾ ತುಂಬಿ, ಓಟಿಪಿ ಕೊಟ್ರೆ ಪಟ್ಟಿ ಬರುತ್ತೆ, ನಂಬರ್‌ನ ಮಧ್ಯದ ಅಂಕಿಗಳನ್ನ ಮುಚ್ಚಿರ್ತಾರೆ. ಪ್ರತಿ ನಂಬರಿಗೂ ಮೂರು ಆಯ್ಕೆ: ನಾಟ್ ಮೈ ನಂಬರ್, ನಾಟ್ ರಿಕ್ವೈರ್ಡ್, ರಿಕ್ವೈರ್ಡ್. ನಮ್ದಲ್ಲದ್ದಕ್ಕೆ ಟಿಕ್ ಹಾಕಿ ರಿಪೋರ್ಟ್ ಒತ್ತಿದ್ರೆ ಒಂದು ರೆಫರೆನ್ಸ್ ನಂಬರ್ ಕೊಡುತ್ತೆ, ಮುಂದೇನಾಯ್ತು ಅಂತ ಅದನ್ನ ಹಾಕಿ ನೋಡ್ಕೋಬೋದು. ಲಾಗಿನ್ ಪಾಸ್‌ವರ್ಡ್ ಗೋಜಿಲ್ಲ, ಫಾರಂ ಪ್ರಿಂಟ್ ತೆಗ್ದು ಸಹಿ ಹಾಕಿ ಸ್ಕ್ಯಾನ್ ಮಾಡಿ ಅನ್ನೋ ರಗಳೆ ಇಲ್ಲ. ನಿಜ ಹೇಳ್ಬೇಕಂದ್ರೆ ಇಷ್ಟು ಸಲೀಸಾಗಿರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.

ನನ್ನ ಪಟ್ಟಿಯಲ್ಲಿ ನಾನು ಯಾವತ್ತೂ ತಗೊಳ್ದೇ ಇರೋ ನಂಬರ್ ಒಂದು ಕೂತಿತ್ತು. ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಪೋರ್ಟ್ ಮಾಡ್ಸೋಕೆ ಹೋಗಿದ್ದ ಒಂದು ಅಂಗಡಿ ಮೇಲೆ ನಂಗೆ ಡೌಟು. ಅಲ್ಲಿ ಹುಡುಗ ಬೆರಳು ಇಡ್ಸ್ಕೊಂಡ, ಮೆಷಿನ್ ನೋಡ್ದ, "ಸರ್ ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಇಡಿ" ಅಂದ, ಬೆರಳು ಒರೆಸ್ಕೊಂಡು ಮತ್ತೆ ಇಟ್ಟೆ. ಸ್ಕ್ರೀನ್ ಅವನ ಕಡೆ ತಿರುಗಿರುತ್ತೆ, ಮೊದಲ್ನೇ ಸಲ ನಿಜವಾಗ್ಲೂ ಫೇಲ್ ಆಯ್ತಾ ಅಂತ ನಮಗೆ ಕಾಣೋದೇ ಇಲ್ಲ. ಈ ಎರಡನೇ ಬೆರಳಲ್ಲಿ ಇನ್ನೊಂದು ಸಿಮ್ ಆಕ್ಟಿವೇಟ್ ಮಾಡಿ ವಂಚಕರಿಗೆ ಮಾರೋದು ಹೊಸ ವಿದ್ಯೆ ಏನಲ್ಲ, ಸೈಬರ್ ಪೊಲೀಸರು ಎಷ್ಟೋ ಸಲ ಹೇಳಿದಾರೆ. ಯಾವನೋ ಆ ನಂಬರಿಂದ ಯಾರಿಗೋ ಟೋಪಿ ಹಾಕಿದ್ರೆ ಪೊಲೀಸರು ಮೊದ್ಲು ಹುಡ್ಕೊಂಡು ಬರೋದು ನಮ್ಮ ಮನೆಗೆ, ಯಾಕಂದ್ರೆ ದಾಖಲೆಯಲ್ಲಿ ಇರೋದು ನಮ್ಮ ಹೆಸ್ರು. ನಾಟ್ ಮೈ ನಂಬರ್ ಒತ್ತಿದೆ, ಆಮೇಲೆ ಪಟ್ಟಿಯಿಂದ ಹೋಯ್ತು. ಇದಕ್ಕೇ ನಾಲ್ಕು ಸ್ಟಾರ್.

ಹಾಗಂತ ಕಾಯಿಲೆ ಕೊಟ್ಟೋರೇ ಮಾತ್ರೆ ಕೊಡ್ತಿದಾರೆ ಅನ್ನೋದೂ ಸುಳ್ಳಲ್ಲ. ಪ್ರತಿ ಸಿಮ್‌ಗೂ ಗುರುತಿನ ದಾಖಲೆ ಕಡ್ಡಾಯ ಅಂತ ಮಾಡಿದ್ದಕ್ಕೇ ತಾನೇ ಗಲ್ಲಿಗಲ್ಲಿಯ ಕೌಂಟರಲ್ಲಿ ನಮ್ಮ ಆಧಾರ್ ಓಡಾಡಿದ್ದು? ವರ್ಷಾನುಗಟ್ಲೆ ಜೆರಾಕ್ಸ್ ಕೊಟ್ವಿ, ಅದು ಎಲ್ಲಿಗೆ ಹೋಯ್ತೋ ದೇವ್ರೇ ಬಲ್ಲ. 2024ರ ಜನವರಿ 1ರಿಂದ ಪೇಪರ್ ಕೆವೈಸಿ ನಿಲ್ಸಿ ಪೂರ್ತಿ ಡಿಜಿಟಲ್ ಮಾಡಿದ್ರು, ಸಿಮ್ ಮಾರೋ ಅಂಗಡಿಯವ್ರೂ ನೋಂದಣಿ ಮಾಡ್ಸ್ಕೋಬೇಕು ಅಂತಾನೂ ಬಂತು, ಒಳ್ಳೇದೇ. ಜೆರಾಕ್ಸ್ ಕಾಟ ತಪ್ಪಿತು, ಬೆರಳಿನ ಕಾಟ ಉಳೀತು. ಒಬ್ರ ಹೆಸರಲ್ಲಿ 9 ಸಿಮ್, ಜಮ್ಮು ಕಾಶ್ಮೀರ, ಅಸ್ಸಾಂ, ಈಶಾನ್ಯ ರಾಜ್ಯಗಳಲ್ಲಿ 6 ಅಂತ ಮಿತಿ ಇದೆ. ಅಂದ್ರೆ ಎರಡು ಸಿಮ್ ಇಟ್ಕೊಂಡಿರೋನ ಹೆಸರಲ್ಲಿ ಇನ್ನೂ ಏಳು ಸಿಮ್‌ಗೆ ಜಾಗ ಖಾಲಿ.

ಯಾರೂ ಜಾಸ್ತಿ ಮಾತಾಡ್ದೇ ಇರೋ ವಿಷ್ಯ ಇನ್ನೊಂದಿದೆ. ನಮ್ಮ ಕಡೆ ಸಿಮ್ ಇರೋದು ಒಬ್ರ ಹೆಸರಲ್ಲಿ, ಬಳ್ಸೋದು ಇನ್ನೊಬ್ರು. ಅಮ್ಮನ ಸಿಮ್ ಮಗನ ಹೆಸರಲ್ಲಿ, ಹೆಂಡ್ತಿದು ಗಂಡನ ಹೆಸರಲ್ಲಿ, ಕಾಲೇಜಿಗೆ ಹೋಗೋ ಹುಡ್ಗಿದು ಅಪ್ಪನ ಹೆಸರಲ್ಲಿ. ನಮ್ಮಮ್ಮನ ನಂಬರ್ರೂ ನನ್ನ ಪಟ್ಟಿಯಲ್ಲೇ ಇದೆ, ಅವರ ಬ್ಯಾಂಕು, ಗ್ಯಾಸು, ಪಿಂಚಣಿ ಎಲ್ಲಾ ಅದ್ರಲ್ಲೇ ನೇತಾಡ್ತಿದೆ, ನಾನು ನಾಟ್ ರಿಕ್ವೈರ್ಡ್ ಅಂತ ಒತ್ತಿ ರಿಪೋರ್ಟ್ ಮಾಡಿದ್ರೆ ಅವರನ್ನ ಒಂದು ಮಾತೂ ಕೇಳ್ದೆ ನಂಬರ್ ನಿಲ್ಸೋ ಪ್ರಕ್ರಿಯೆ ಶುರುವಾಗುತ್ತೆ. ಕಾನೂನಿನ ಕಣ್ಣಲ್ಲಿ ಅದು ನನ್ನ ನಂಬರ್, ಅಮ್ಮ ಅಲ್ಲಿ ಇಲ್ಲವೇ ಇಲ್ಲ. ನಮ್ಮನೇಲಿ ಇದು ತಮಾಷೆ, ಆದ್ರೆ ಗಂಡನ ಮನೆ ಬಿಟ್ಟು ಬಂದಿರೋ ಹೆಣ್ಮಗಳೊಬ್ಳ ಸಿಮ್ ಇನ್ನೂ ಅವನ ಹೆಸರಲ್ಲೇ ಇದ್ರೆ? ಅಥವಾ ಅವಳ ಫೋನ್ ಒಂದ್ನಿಮಿಷ ಕೈಗೆ ಸಿಕ್ಕೋನು ಓಟಿಪಿ ಹಾಕಿ ಇವಳ ಹೆಸರಲ್ಲಿ ಇನ್ನೊಂದು ನಂಬರ್ ಇದೆ ಅಂತ ಪತ್ತೆ ಮಾಡಿದ್ರೆ? ಪ್ರೈವಸಿ ಅಂದ್ರೆ ಎಲ್ರೂ ಸರ್ಕಾರ ಕಡೆ ಬೆರಳು ತೋರಿಸ್ತಾರೆ, ಮನೆಯೊಳಗಿನ ಪ್ರೈವಸಿ ಯಾರ ಲೆಕ್ಕಕ್ಕೂ ಬಂದಿಲ್ಲ. ಹೆಸ್ರು ಬದಲಾಯಿಸ್ಕೋಬೋದು, ಆದ್ರೆ ಅದಕ್ಕೂ ಹಳೇ ಹೆಸರಿನೋರ ಒಪ್ಪಿಗೆ ಬೇಕು. ನಾಲ್ಕರಲ್ಲಿ ನಿಂತಿದ್ದು ಇದಕ್ಕೇ, ಇಲ್ದಿದ್ರೆ ಐದೂ ಕೊಡ್ತಿದ್ದೆ.

ಕಳೆದುಹೋದ ಫೋನ್ ಬ್ಲಾಕ್ ಮಾಡೋ ಭಾಗನೂ ಚೆನ್ನಾಗಿದೆ. ಪೊಲೀಸ್ ದೂರಿನ ಪ್ರತಿ, ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಒಂದು ಐಡಿ ಕೇಳುತ್ತೆ. ಒಂದೇ ಕಿವಿಮಾತು, ಮೊದ್ಲು ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತಗೊಳಿ, ಓಟಿಪಿ ಅದಕ್ಕೆ ಬರ್ಬೇಕಾಗುತ್ತೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದ್ರೆ 15 ಅಂಕಿಯ ಐಎಂಇಐ ಬರುತ್ತೆ, ಫೋನ್ ಕೈಯಲ್ಲಿರುವಾಗ್ಲೇ ಬರ್ದಿಟ್ಕೊಳಿ. ಸೆಕೆಂಡ್ ಹ್ಯಾಂಡ್ ಫೋನ್ ತಗೊಳೋರು ದುಡ್ಡು ಕೊಡೋ ಮುಂಚೆ ಆ ಐಎಂಇಐ ಇಲ್ಲಿ ಹಾಕಿ ನೋಡಿ, ಬ್ಲಾಕ್ ಆಗಿರೋ ಮಾಲಾ ಅಂತ ಗೊತ್ತಾಗುತ್ತೆ.

ಈಗ ಆಪ್ ವಿಷ್ಯಕ್ಕೆ ಬರೋಣ. ಮೇಲೆ ಹೇಳಿದ ಎಲ್ಲಾ ಕೆಲ್ಸ ಬ್ರೌಸರಲ್ಲೇ ಆಗುತ್ತೆ. ಆಪಲ್ಲಿ ಹೆಚ್ಚಿಗೆ ಸಿಗೋದು ಅಂದ್ರೆ ಬಂದಿರೋ ಕಾಲ್, ಮೆಸೇಜ್ ಆರಿಸಿ ಅಲ್ಲಿಂದಲೇ ವಂಚನೆ ದೂರು ಕೊಡೋ ಅನುಕೂಲ. ಅಷ್ಟಕ್ಕೆ ಆಂಡ್ರಾಯ್ಡಲ್ಲಿ ಕಾಲ್ ಲಾಗ್, ಎಸ್ಸೆಮ್ಮೆಸ್, ಕ್ಯಾಮೆರಾ, ಫೋಟೋ ಫೈಲುಗಳ ಪರ್ಮಿಷನ್ ಕೇಳುತ್ತೆ, ರಿಜಿಸ್ಟರ್ ಮಾಡೋಕೆ ನಮ್ಮ ಫೋನಿಂದ ಮೆಸೇಜ್ ಕಳ್ಸುತ್ತೆ. ದುರುಪಯೋಗ ಆಗ್ತಿದೆ ಅಂತ ನಾನು ಹೇಳ್ತಿಲ್ಲ, ಅದಕ್ಕೆ ನನ್ಹತ್ರ ಯಾವ ಪುರಾವೆನೂ ಇಲ್ಲ. ಆದ್ರೆ ತಿಂಗಳಿಗೊಂದ್ಸಲ ಸ್ಪ್ಯಾಮ್ ಕಾಲ್ ರಿಪೋರ್ಟ್ ಮಾಡೋದಕ್ಕೆ ಇಷ್ಟೆಲ್ಲಾ ಬಾಗ್ಲು ತೆಗ್ದಿಡೋದು ಯಾಕೆ, ವೆಬ್‌ಸೈಟಲ್ಲಿ ಚಕ್ಷು ಅಂತ ಅದಕ್ಕೇ ಬೇರೆ ಜಾಗ ಇದೆಯಲ್ಲ.

ಎರಡು ಸ್ಟಾರಿಗೆ ಇಳಿಯೋಕೆ ಅಸಲಿ ಕಾರಣ 2025ರ ನವೆಂಬರ್ 28ರ ಆದೇಶ. ಹೊಸ ಫೋನುಗಳಲ್ಲೆಲ್ಲಾ ಈ ಆಪ್ ಮೊದ್ಲೇ ಇರ್ಬೇಕು, 90 ದಿನದೊಳಗೆ ಜಾರಿ ಮಾಡಿ, ಅದ್ರ ಕೆಲಸಗಳನ್ನ ಬಳಕೆದಾರರು ನಿಷ್ಕ್ರಿಯ ಮಾಡೋ ಹಾಗಿರ್ಬಾರ್ದು ಅಂತ ಕಂಪನಿಗಳಿಗೆ ಹೇಳಿದ್ರು. ಗಲಾಟೆ ಆಯ್ತು. ಬೇಡ ಅಂದ್ರೆ ಡಿಲೀಟ್ ಮಾಡ್ಕೊಳಿ ಅಂತ ಸಚಿವ ಸಿಂಧಿಯಾ ಹೇಳಿದ್ರು, ಆದೇಶದಲ್ಲಿ ಇದ್ದಿದ್ದಕ್ಕೂ ಅವ್ರು ಹೇಳಿದ್ದಕ್ಕೂ ತಾಳೆ ಆಗ್ಲಿಲ್ಲ, ಕೊನೆಗೆ ಡಿಸೆಂಬರ್ 3ಕ್ಕೆ ಕಡ್ಡಾಯ ವಾಪಸ್ ತಗೊಂಡ್ರು. ಒಳ್ಳೇ ಆಪನ್ನ ಜನ ತಾವಾಗೇ ಹಾಕ್ಕೋತಾರೆ ಕಣ್ರೀ, ಅಳಿಸೋಕಾಗಬಾರ್ದು ಅಂತ ಬರೆದ ತಕ್ಷಣ ಇರೋ ನಂಬಿಕೆನೂ ಹೋಗುತ್ತೆ.

ಈ ಕಡ್ಡಾಯದ ಕಥೆ ನಮಗೆ ಹೊಸ್ದೂ ಅಲ್ಲ. 2017ರಲ್ಲಿ ಆಧಾರ್ ಲಿಂಕ್ ಮಾಡಿ ಇಲ್ಲಾಂದ್ರೆ ನಂಬರ್ ಕಟ್ ಅಂತ ದಿನಾ ಬರ್ತಿದ್ದ ಮೆಸೇಜ್ ನೆನಪಿದ್ಯಾ? ಸುಪ್ರೀಂ ಕೋರ್ಟೇ ಹೇಳಿದೆ ಅಂತ ಅದ್ರಲ್ಲಿ ಇರ್ತಿತ್ತು, ಆಮೇಲೆ ನೋಡಿದ್ರೆ ನಾವು ಹಾಗೆ ಹೇಳೇ ಇಲ್ಲ ಅಂತ 2018ರ ವಿಚಾರಣೆಯಲ್ಲಿ ಕೋರ್ಟೇ ಹೇಳ್ತು, ಅದೇ ಸೆಪ್ಟೆಂಬರ್ 26ರ ತೀರ್ಪಲ್ಲಿ ಲಿಂಕಿಂಗ್ ಬಿದ್ದೋಯ್ತು. ಅಷ್ಟೊತ್ತಿಗೆ ಕೋಟ್ಯಂತರ ಜನ ಲೈನಲ್ಲಿ ನಿಂತು ಬೆರಳು ಕೊಟ್ಟಾಗಿತ್ತು. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವ್ರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಒಂಬತ್ತು ಜಡ್ಜುಗಳು ಒಕ್ಕೊರಲಲ್ಲಿ ಹೇಳಿದ್ದೂ ಅವರ ಹೆಸರಿನ ಕೇಸಲ್ಲೇ. ಅಷ್ಟಾದ್ರೂ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಸಿಮ್‌ಗೆ ಬಯೋಮೆಟ್ರಿಕ್ ಗುರುತು ಅನ್ನೋದು ಮತ್ತೆ ಒಳಗೆ ಬಂದು ಕೂತಿದೆ. ಡೇಟಾ ರಕ್ಷಣೆಯ ಕಾಯ್ದೆನೂ ಅದೇ ವರ್ಷ ಬಂತು, ಅದ್ರಲ್ಲಿ ಸರ್ಕಾರಕ್ಕೆ ಕೊಟ್ಟಿರೋ ವಿನಾಯ್ತಿ ಓದಿದ್ರೆ ರಕ್ಷಣೆ ಯಾರಿಂದ ಯಾರಿಗೆ ಅಂತ ಸ್ವಲ್ಪ ತಲೆ ಕೆರ್ಕೋಬೇಕಾಗುತ್ತೆ.

ವಂಚಕರನ್ನ ಹಿಡಿಯೋಕೆ ನೋಂದಣಿ ಬೇಕು ಅಂತಾರೆ, ಒಪ್ಪೋಣ, ಆದ್ರೆ ಇಷ್ಟು ವರ್ಷದ ಕಡ್ಡಾಯದ ನಂತರನೂ ಡಿಜಿಟಲ್ ಅರೆಸ್ಟ್ ಅಂತ ಪೊಲೀಸರ ಸೋಗಲ್ಲಿ ಹೆದ್ರಿಸಿ ದುಡ್ಡು ಕೀಳೋಕೆ ಕರೆ ಮಾಡೋರ ಕೈಯಲ್ಲಿರೋದು ನಮ್ಮಂಥೋರ ಹೆಸರಿನ ಸಿಮ್ಮೇ. ಅಮೆರಿಕ, ಬ್ರಿಟನ್ನಲ್ಲಿ ಪ್ರೀಪೇಯ್ಡ್ ಸಿಮ್‌ಗೆ ಐಡಿ ಕಾನೂನಾತ್ಮಕವಾಗಿ ಕಡ್ಡಾಯನೇ ಇಲ್ಲ.

ಈ ಪೋರ್ಟಲ್ ಮಾಡ್ದೋರು ಯಾರಾದ್ರೂ ಓದ್ತಿದ್ರೆ ಒಂದು ಕೇಳ್ಕೋತೀನಿ. ನನಗೆ ಕಾಣಿಸಿದ ಪಟ್ಟಿಯಲ್ಲಿ ನಂಬರ್ ಇತ್ತೇ ಹೊರತು ಅದು ಯಾವ ತಾರೀಕು, ಯಾವ ಅಂಗಡಿಯಿಂದ ಆಕ್ಟಿವೇಟ್ ಆಯ್ತು ಅನ್ನೋದು ಇರ್ಲಿಲ್ಲ. ಅಂಗಡಿಯವ್ರನ್ನ ನೋಂದಣಿ ಮಾಡ್ಸಿದೀರ ಅಂದ್ಮೇಲೆ ಆ ಮಾಹಿತಿ ನಿಮ್ಹತ್ರ ಇದ್ದೇ ಇರುತ್ತೆ. ಅದೊಂದು ಕಾಲಂ ಸೇರ್ಸಿ, ಆ ಎರಡನೇ ಬೆರಳು ಕೇಳಿದ ಹುಡುಗ ಯಾವ ಕೌಂಟರಲ್ಲಿ ಕೂತಿದ್ದ ಅಂತ ಡೌಟು ಪಡೋ ಬದ್ಲು ನಾನೇ ಹೋಗಿ ಕೇಳ್ತೀನಿ.