ಮೊರ್ವಾಂ ಕೆರೆಗಳೋ, ಸೆಲೆ ಕಣಿವೆಯೋ: ಎರಡೂ ಕಡೆ ನಡೆದ ಮೇಲೆ

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಒಂದು ವಾರ ನಡೆಯಬೇಕು, ದಾರಿಯಲ್ಲಿ ನೀರು ಕಾಣಬೇಕು, ಹಳೇ ಊರು, ಹಳೇ ಚರ್ಚು ಸಿಗಬೇಕು. ಎಲ್ಲಿಗೆ ಹೋಗೋದು? ಹೀಗೆ ಕೇಳಿದವರಿಗೆಲ್ಲ ನಾನು ಕೊಡೋ ಉತ್ತರ ಒಂದೇ: ಸೆಲೆ ಕಣಿವೆ. ನೈಋತ್ಯ ಫ್ರಾನ್ಸಿನ ಲೊಟ್ ಜಿಲ್ಲೆಯಲ್ಲಿ, ಫಿಜಾಕ್‌ನಿಂದ ಕಾಓರ್‌ವರೆಗೆ ಸುಮಾರು 90ರಿಂದ 100 ಕಿ.ಮೀ. ದಾರಿ. ಹೆಚ್ಚಿನ ಪಾಲು ಸೆಲೆ ಅನ್ನೋ ಪುಟ್ಟ ನದಿಯ ಜೊತೆಗೇ ಸಾಗುತ್ತದೆ. ನೀರಿನ ಸೆಲೆ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಉಚ್ಚಾರ. ಹೆಸರು ಕೇಳಿದಾಗಲೇ ನನಗೆ ಹಿಡಿಸಿತ್ತು.

ಆದರೆ ನಾನು ಮೊದಲು ಹೋಗಿದ್ದು ಅಲ್ಲಿಗಲ್ಲ, ಬರ್ಗಂಡಿಯ ಮೊರ್ವಾಂ ಗುಡ್ಡಗಳಿಗೆ. ಪ್ಯಾರಿಸ್‌ಗೆ ಹತ್ತಿರ, ನಕ್ಷೆ ತೆರೆದರೆ ಅಲ್ಲಲ್ಲಿ ಕೆರೆಗಳ ನೀಲಿ, ಶುರುವಾಗೋದು ಹೆಸರಾದ ಹಳೇ ಚರ್ಚಿರೋ ವೆಝ್‌ಲೆಯಂಥ ಊರಿಂದ. ಇನ್ನೇನು ಬೇಕು ಅನ್ನಿಸಿತ್ತು. ಲಿಯೋಂನಲ್ಲಿ ಓದುತ್ತಿದ್ದ ತಮ್ಮನೂ ಬಂದ. ಸೆಪ್ಟೆಂಬರ್ ಕೊನೆ, ಐದು ದಿನ. ಮರುವರ್ಷ ಮೇ ತಿಂಗಳಲ್ಲಿ ಇಬ್ಬರೂ ಸೆಲೆ ಕಣಿವೆಯಲ್ಲಿ ಆರು ದಿನ ನಡೆದೆವು. ಇಬ್ಬರೂ ಮಾಂಸ ತಿನ್ನಲ್ಲ, ಮೊಟ್ಟೆ ತಿನ್ನುತ್ತೇವೆ. ಕಾರಿಲ್ಲ. ದಿನಕ್ಕೆ 15ರಿಂದ 18 ಕಿ.ಮೀ. ನಡೆದರೆ ಸಾಕು ಅನ್ನೋರು. ಕೆಳಗೆ ಬರೆದಿದ್ದೆಲ್ಲ ಈ ಲೆಕ್ಕದಲ್ಲೇ ಓದಿ.

ಮೊರ್ವಾಂನಲ್ಲಿ ನಮಗೆ ಕೈ ಕೊಟ್ಟಿದ್ದು ದಾರಿಯಲ್ಲ, ಮಳೆಯೂ ಅಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ನೆನೆಯೋದು ಹೊಸದಲ್ಲ. ಕೈ ಕೊಟ್ಟಿದ್ದು ರಾತ್ರಿ ಊಟ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರೆಲ್ಲ ಎಡವೋದು ಇಲ್ಲೇ. ನಡೆಯುವವರು ಉಳಿಯೋ ಮನೆಗೆ ಇಲ್ಲಿ ಜೀತ್ ಅನ್ನುತ್ತಾರೆ. ಒಂದು ಕೋಣೆಯಲ್ಲಿ ನಾಲ್ಕಾರು ಹಾಸಿಗೆ, ಎಲ್ಲರಿಗೂ ಸೇರಿ ಒಂದು ಬಚ್ಚಲು. ಇದರಲ್ಲಿ ಎರಡು ಥರ. ಒಂದರಲ್ಲಿ ರಾತ್ರಿ ಊಟ, ಹಾಸಿಗೆ, ಬೆಳಗಿನ ತಿಂಡಿ ಮೂರೂ ಸೇರಿ ಒಂದೇ ದರ. ಅದನ್ನು ದೆಮಿ ಪೊನ್ಸಿಯೋಂ ಅಂತಾರೆ. ಇನ್ನೊಂದರಲ್ಲಿ ಬರೀ ಹಾಸಿಗೆ ಮತ್ತು ಅಡುಗೆಮನೆ. ನೀವೇ ಸಾಮಾನು ತಂದು ನೀವೇ ಬೇಯಿಸಿಕೊಳ್ಳಬೇಕು. ಬುಕ್ ಮಾಡುವಾಗ ನಾನು ಊಟದ ವ್ಯವಸ್ಥೆ ಇದೆಯಾ ಅಂತ ಕೇಳಿದ್ದೆ. 'ಅಡುಗೆಮನೆ ಇದೆ' ಅಂತ ಉತ್ತರ ಬಂತು. ಯಾರೋ ಅಡುಗೆ ಮಾಡುತ್ತಾರೆ ಅಂತ ಅಂದುಕೊಂಡು ಸುಮ್ಮನಾದೆ.

ನಾಲ್ಕನೇ ದಿನ ಸೆತೋಂ ಕೆರೆ ತಲುಪಿದಾಗ ಸಂಜೆ 5 ದಾಟಿತ್ತು. ಸೋಮವಾರ. ಜೀತ್‌ನಲ್ಲಿ ಯಾರೂ ಇಲ್ಲ. ಫೋನ್ ಮಾಡಿದರೆ ಬಾಗಿಲಿನ ಸಂಖ್ಯೆ ಹೇಳಿದರು, ಅಷ್ಟೇ. ಒಳಗೆ ಒಲೆ ಇದೆ, ಐದಾರು ಪಾತ್ರೆ ಇವೆ, ಅರ್ಧ ಪೊಟ್ಟಣ ಉಪ್ಪಿದೆ. ಬೇಯಿಸೋಕೆ ಏನೂ ಇಲ್ಲ. ಕೆರೆ ದಂಡೆಯ ಹೋಟೆಲುಗಳಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಬೇಸಿಗೆ ಮುಗಿದಿತ್ತು. ಅಂಗಡಿ ಇರೋದು ಕೆಲವು ಕಿ.ಮೀ. ಆಚೆ, ಅದಕ್ಕೂ ಸೋಮವಾರ ರಜೆ. ಫ್ರಾನ್ಸಿನ ಹಳ್ಳಿ ಅಂಗಡಿಗಳು ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿದರೆ ಬಹಳ ಕಡೆ ತೆರೆಯೋದು ಮಂಗಳವಾರವೇ. ಇದು ಗೊತ್ತಿದ್ದರೆ ಶನಿವಾರವೇ ಚೀಲ ತುಂಬಿಸಿಕೊಳ್ಳುತ್ತಿದ್ದೆವು.

ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ ಎರಡು ಹಿಡಿ ಉಳಿದಿತ್ತು. ಬಿಸಿನೀರು ಚಿಮುಕಿಸಿ, ನಿಂಬೆಕಾಯಿ ಉಪ್ಪಿನಕಾಯಿ ಕಲಸಿ ತಿಂದೆವು. ಆ ವಾಸನೆಗೆ ಊರೇ ನೆನಪಾಯಿತು. ಆದರೆ 19 ಕಿ.ಮೀ. ನಡೆದವರಿಗೆ ಎರಡು ಹಿಡಿ ಎಲ್ಲಿಗೆ ಸಾಲಬೇಕು?

"ಅಕ್ಕಾ, ಬೆಳಗ್ಗೆಗೆ ಏನು?" ಅಂತ ತಮ್ಮ ಕೇಳಿದ. ಬೆಳಗ್ಗೆಗೆ ಏನೂ ಇರಲಿಲ್ಲ. ಮರುದಿನ ಹಸಿದ ಹೊಟ್ಟೆಯಲ್ಲೇ ಅಂಗಡಿಗೆ ನಡೆದು, ಬ್ರೆಡ್ಡು, ಚೀಸು ತಿಂದು ಸುಧಾರಿಸಿಕೊಳ್ಳೋ ಹೊತ್ತಿಗೆ ಅರ್ಧ ದಿನ ಹೋಗಿತ್ತು. ಕೆರೆಯ ಸುತ್ತ ಒಂದು ಸುತ್ತು ಹಾಕಬೇಕು ಅಂತಲೇ ಅಷ್ಟು ದೂರ ಹೋಗಿದ್ದು. ಅದೇ ಆಗಲಿಲ್ಲ.

ಕೆರೆ ಹೇಗಿತ್ತು ಅಂದರೆ, ನೀರು ಇಳಿದು ದಂಡೆಯುದ್ದಕ್ಕೂ ಕೆಸರಿನ ಪಟ್ಟಿ ಎದ್ದಿತ್ತು. ಮೊರ್ವಾಂನ ದೊಡ್ಡ ಕೆರೆಗಳು ತಾವಾಗಿ ಆದವಲ್ಲ, ಅಣೆಕಟ್ಟು ಹಾಕಿ ನಿಲ್ಲಿಸಿದ ನೀರು. ಒಂದು ಕಾಲದಲ್ಲಿ ಪ್ಯಾರಿಸ್‌ನ ಒಲೆಗಳಿಗೆ ಈ ಕಾಡಿಂದಲೇ ಸೌದೆ ಹೋಗುತ್ತಿತ್ತು. ಕೊರಡುಗಳನ್ನು ಕ್ಯೂರ್ ನದಿಗೆ ಬಿಟ್ಟು ತೇಲಿಸುತ್ತಿದ್ದರು. ಅದಕ್ಕೆ ನೀರು ಸಾಲದಾದಾಗ 1850ರ ದಶಕದಲ್ಲಿ ಸೆತೋಂ ಅಣೆಕಟ್ಟಿನ ಕೆಲಸ ಶುರುವಾಯಿತು. ಹಿನ್ನೀರು ಸುಮಾರು 360 ಹೆಕ್ಟೇರ್. ಕಥೆ ತುಂಬಾ ಚೆನ್ನಾಗಿದೆ. ನೋಡೋದಾದರೆ ನೀರು ತುಂಬಿರೋ ಜೂನ್‌ನಲ್ಲೇ ಹೋಗಿ.

ಈಗ ಸೆಲೆ ಕಣಿವೆಯ ಊಟದ ವಿಷಯ. ಇದು ಸ್ಪೇನಿನ ಸಾಂತಿಯಾಗೊಗೆ ಹೋಗೋ ಯಾತ್ರಿಕರ ಹಳೇ ದಾರಿಯ ಒಂದು ಕವಲು. ಲ ಪ್ಯುಯಿ ಊರಿನ ಬಿಷಪ್ ಗೊಡೆಸ್ಕಾಲ್ಕ್ 950ರಲ್ಲಿ ಸಾಂತಿಯಾಗೊಗೆ ಹೊರಟ. ಅವನ ಊರಿಂದ ಹೊರಡೋ ಆ ದಾರಿಗೆ ಇಂದು ಜಿಆರ್ 65 ಅಂತ ಹೆಸರು (ಜಿಆರ್ ಅಂದರೆ ದೂರ ನಡೆಯೋರಿಗೆ ಗುರುತು ಹಾಕಿದ ದಾರಿ). ಫಿಜಾಕ್ ದಾಟಿದ ಮೇಲೆ ಅದರಿಂದ ಜಿಆರ್ 651 ಕವಲೊಡೆದು ಸೆಲೆ ಕಣಿವೆಗೆ ಇಳಿಯುತ್ತದೆ. ಯಾತ್ರಿಕರನ್ನು ಉಳಿಸಿ ಉಣ್ಣಿಸೋದು ಇಲ್ಲಿನವರಿಗೆ ರೂಢಿ. ಒಂದು ದಿನ ಮುಂಚೆ ಫೋನ್ ಮಾಡಿ ಇಬ್ಬರು ಬರುತ್ತೇವೆ ಅಂದರೆ ಸಾಕು, ಸಂಜೆ 7 ಗಂಟೆಗೆ ಉದ್ದನೆ ಮೇಜಿನ ಮೇಲೆ ಸೂಪಿನ ಪಾತ್ರೆ ಬಂದು ಕೂರುತ್ತದೆ. ಆರು ದಿನವೂ ಒಂದು ಹೊತ್ತೂ ತಪ್ಪಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಲೊಟ್ ಬಾತುಕೋಳಿಯ ನಾಡು. 'ಮಾಂಸ ಬೇಡ' ಅಂದರೆ ಮೀನು ಆಗುತ್ತಾ ಅಂತ ಕೇಳುತ್ತಾರೆ. ಅದೂ ಬೇಡ ಅಂದರೆ ಆಲೂಗಡ್ಡೆ ಹುರಿದು ಕೊಡುತ್ತಾರೆ, ಆದರೆ ಹುರಿಯೋದು ಬಾತಿನ ಕೊಬ್ಬಿನಲ್ಲಿ! ನಾನು ಮೊದಲ ರಾತ್ರಿಯೇ ಕೇಳಿ ತಿಳಿದುಕೊಂಡೆ. ಆಮೇಲೆ ಫೋನ್‌ನಲ್ಲೇ 'ಮಾಂಸ ಬೇಡ, ಮೀನು ಬೇಡ, ಬಾತಿನ ಕೊಬ್ಬು ಬೇಡ, ಮೊಟ್ಟೆ ಮತ್ತು ಚೀಸ್ ಆಗುತ್ತೆ' ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಆಮ್ಲೆಟ್, ಸೊಪ್ಪು, ಅಕ್ರೋಟು, ಜೊತೆಗೆ ರೊಕಮಾದೂರ್ ಅನ್ನೋ ಅಂಗೈಗಿಂತ ಚಿಕ್ಕ ಮೇಕೆ ಹಾಲಿನ ಚೀಸು. ಬಿಸಿ ಬ್ರೆಡ್ಡಿನ ಮೇಲಿಟ್ಟರೆ ಬೆಣ್ಣೆ ಥರ ಹರಡುತ್ತದೆ. ಮನೆಯೊಡತಿಯೊಬ್ಬರು ಬೇಳೆ ಬೇಯಿಸಿ ಬಡಿಸಿದರು. ತಮ್ಮ ಮೂರು ಸಲ ಹಾಕಿಸಿಕೊಂಡ.

ಹಳೇ ಕಟ್ಟಡಗಳ ವಿಷಯಕ್ಕೆ ಬಂದರೆ, ಒಂದೇ ಒಂದು ಜಾಗ ಅನ್ನೋದಾದರೆ ವೆಝ್‌ಲೆಯೇ ಮೇಲು. 1146ರಲ್ಲಿ ಸಂತ ಬರ್ನಾರ್ ಎರಡನೇ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಕರೆ ಕೊಟ್ಟಿದ್ದು ಅಲ್ಲೇ. 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಚರ್ಚಿನೊಳಗೆ ಕಂಬಗಳ ತಲೆಯ ಕೆತ್ತನೆ ನೋಡುತ್ತಾ ಹೋಗಿ. ಒಂದರಲ್ಲಿ ಒಬ್ಬ ಗಿರಣಿಗೆ ಕಾಳು ಸುರಿಯುತ್ತಿದ್ದಾನೆ, ಇನ್ನೊಬ್ಬ ಕೆಳಗೆ ಬಗ್ಗಿ ಚೀಲದಲ್ಲಿ ಹಿಟ್ಟು ಹಿಡಿಯುತ್ತಿದ್ದಾನೆ. ಸುರಿಯುವವನು ಮೋಸೆಸ್, ಹಿಡಿಯುವವನು ಸಂತ ಪಾಲ್. ಬೈಬಲ್ ಗೊತ್ತಿಲ್ಲದಿದ್ದರೂ ಆ ಚೀಲ ಹಿಡಿದ ಕೈ ನೋಡಿದರೆ ಸಾಕು, ಮನಸ್ಸು ಅಲ್ಲೇ ನಿಲ್ಲುತ್ತದೆ.

ಆದರೆ ವೆಝ್‌ಲೆ ಮೊದಲ ದಿನಕ್ಕೇ ಮುಗಿಯುತ್ತದೆ. ಆಮೇಲೆ ಕಾರೆ ಲೆ ತೋಂಬ್ ಊರಲ್ಲಿ ಚರ್ಚಿನ ಸುತ್ತ ಸಾಲಾಗಿಟ್ಟ ನೂರಕ್ಕೂ ಹೆಚ್ಚು ಹಳೇ ಕಲ್ಲಿನ ಶವಪೆಟ್ಟಿಗೆಗಳನ್ನು ನೋಡಿದೆವು. ಉಳಿದಿದ್ದೆಲ್ಲ ಕಾಡು. ಅದರಲ್ಲೂ ಡಗ್ಲಸ್ ಫರ್ ನೆಡುತೋಪು ಜಾಸ್ತಿ. ಕಟಾವಾದ ಕಡೆ ದಾರಿಯ ಗುರುತೂ ಇಲ್ಲ, ಯಾಕೆಂದರೆ ಬಿಳಿ-ಕೆಂಪು ಪಟ್ಟಿ ಬಳಿದಿದ್ದ ಮರವೇ ಇಲ್ಲ. ಎರಡು ಸಲ ದಾರಿ ತಪ್ಪಿದೆವು.

ಸೆಲೆಯಲ್ಲಿ ಹಾಗಲ್ಲ, ದಿನಕ್ಕೊಂದು ಸಿಗುತ್ತದೆ. ಎಸ್ಪಾನ್ಯಾಕ್‌ನಲ್ಲಿ ಹಳೇ ಸನ್ಯಾಸಿನಿಯರ ಮಠ, ಅದಕ್ಕೆ ಮರದ ಚೌಕಟ್ಟಿನ ಗಂಟೆಗೋಪುರ. ಮಾರ್ಸಿಯಾಕ್‌ನಲ್ಲಿ ಬೆನೆಡಿಕ್ಟಿನ್ ಪಂಥದ ಸನ್ಯಾಸಿಗಳ ಮಠ. ಫ್ರಾನ್ಸ್, ಇಂಗ್ಲೆಂಡ್ ನಡುವಿನ ನೂರು ವರ್ಷದ ಯುದ್ಧದಲ್ಲಿ ಹಾಳಾದ ಅದರ ಅರ್ಧ ಭಾಗಕ್ಕೆ ಈಗಲೂ ಚಾವಣಿ ಇಲ್ಲ, ಆಕಾಶವೇ ಸೂರು. ಇನ್ನರ್ಧದಲ್ಲಿ ಈಗಲೂ ಊರವರ ಚರ್ಚು. ನಾವು ಹೋದಾಗ ಒಳಗೆ ಯಾರೋ ಹೂವು ಜೋಡಿಸುತ್ತಿದ್ದರು, ಹೊರಗೆ ಮುರಿದ ಕಮಾನಿನ ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ಬಂಡೆಯ ಪೊಟರೆಗಳಿಗೆ ಅಡ್ಡಲಾಗಿ ಕಟ್ಟಿದ ಗೋಡೆಗಳು ಕಾಣುತ್ತವೆ. 'ಇಂಗ್ಲಿಷರ ಕೋಟೆ' ಅನ್ನುತ್ತಾರೆ.

ಕಾಬ್ರೆರೆ ಹತ್ತಿರದ ಪೆಶ್ ಮೆರ್ಲ್ ಗುಹೆ ಇದಕ್ಕೆಲ್ಲ ಎಷ್ಟೋ ಹಿಂದಿನದು, ಆದರೂ ಬಿಡಬೇಡಿ. 1922ರಲ್ಲಿ ಹದಿಹರೆಯದ ಇಬ್ಬರು ಹುಡುಗರಿಗೆ ಸಿಕ್ಕಿದ್ದು. ಸುಮಾರು 29,000 ವರ್ಷ ಹಿಂದಿನ ಎರಡು ಚುಕ್ಕೆ ಕುದುರೆಗಳ ಚಿತ್ರಗಳಿವೆ. ಬಲಗಡೆ ಕುದುರೆಯ ತಲೆ ಬರುವಲ್ಲಿ ಬಂಡೆಯ ಅಂಚೇ ಕುದುರೆ ಮುಖದಂತಿದೆ. ಬರೆದವರು ಅದನ್ನು ಗಮನಿಸಿಯೇ ಬರೆದಿದ್ದಾರೆ. ಸುತ್ತ ಕೈ ಇಟ್ಟು ಬಣ್ಣ ಊದಿದ ಗುರುತುಗಳು. ಒಳಗೆ ಬಿಡೋ ಜನರಿಗೆ ಮಿತಿಯಿದೆ, ಮೊದಲೇ ಟಿಕೆಟ್ ಮಾಡಿಸಿ.

ಆಮೇಲೆ ಸೆಲೆ ನದಿ ಲೊಟ್ ನದಿಗೆ ಸೇರುತ್ತದೆ. ಬೂಝಿಯೆಸ್‌ನಿಂದ ಸೇನ್ ಸಿರ್ ಲಾಪೋಪಿಗೆ ಹೋಗುವಾಗ ನದಿಗೆ ಅಂಟಿಕೊಂಡೇ ಬಂಡೆ ಕೊರೆದು ಮಾಡಿದ ದಾರಿಯಿದೆ. 19ನೇ ಶತಮಾನದಲ್ಲಿ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಎಳೆಯೋಕೆ ಮಾಡಿದ್ದು. ತಲೆ ಮೇಲೆ ಬಂಡೆ, ಕಾಲ ಬಳಿ ಹಸಿರು ನೀರು. ಆರು ದಿನದಲ್ಲಿ ನನಗೆ ತುಂಬಾ ಇಷ್ಟವಾದ ಅರ್ಧ ಗಂಟೆ ಅದು. ಕಲ್ಲು ಉದುರೋ ಭಯವಿದ್ದರೆ ಮುಚ್ಚುತ್ತಾರೆ, ವಿಚಾರಿಸಿ ಹೋಗಿ. ಸೇನ್ ಸಿರ್ ಊರು ನದಿಯಿಂದ ಸುಮಾರು 100 ಮೀಟರ್ ಮೇಲೆ ಬಂಡೆಯಂಚಿನಲ್ಲಿದೆ. ಹಗಲಲ್ಲಿ ಬಸ್ಸುಗಟ್ಟಲೆ ಜನ. ಸಂಜೆ 6ರ ಮೇಲೆ ಊರು ನಿಮ್ಮದೇ.

ಸೆಲೆಯಲ್ಲಿ ತೊಂದರೆ ಇಲ್ಲವಾ? ಇದೆ. ನದಿ ದಾರಿ ಅಂದರೆ ಸಮತಟ್ಟು ಅಂತ ತಿಳಿಯಬೇಡಿ. ದಿನಕ್ಕೆ ಎರಡು ಮೂರು ಸಲ ಬಂಡೆ ಹತ್ತಿ ಮತ್ತೆ ಇಳಿಯಬೇಕು. ಮಂಡಿ ನೋವಿದ್ದವರು ಕೋಲು ಹಿಡಿಯಲೇಬೇಕು. ಕುಡಿಯೋ ನೀರು ಮುಗಿದರೆ ಹಳ್ಳಿಯ ಸ್ಮಶಾನ ಹುಡುಕಿ. ಹೂಗಿಡಕ್ಕೆ ಹಾಕೋಕೆ ಅಲ್ಲೊಂದು ನಲ್ಲಿ ಇರುತ್ತದೆ, ಕುಡಿಯಬಾರದು ಅಂತ ಬರೆದಿಲ್ಲ ತಾನೇ ಅಂತ ನೋಡಿಕೊಂಡು ತುಂಬಿಸಿಕೊಳ್ಳಿ.

ಕಣಿವೆಗೆ ಇಳಿಯದೆ ಮೇಲೇ ಹೋಗೋ ಮುಖ್ಯ ದಾರಿ ಜಿಆರ್ 65ರಲ್ಲೂ ಆಮೇಲೊಮ್ಮೆ ಎರಡು ದಿನ ನಡೆದೆ. ಕೋಸ್ ಅನ್ನೋ ಸುಣ್ಣಕಲ್ಲಿನ ಬಯಲು. ಕುಳ್ಳ ಓಕ್ ಮರ, ಗಾರೆಯಿಲ್ಲದ ಕಲ್ಲುಗೋಡೆ, ಕಣ್ಣಸುತ್ತ ಕಪ್ಪಿರೋ ಕುರಿಗಳು. ಚೆನ್ನಾಗಿದೆ. ಆದರೆ ಬಿದ್ದ ಮಳೆಯನ್ನೆಲ್ಲ ಆ ಕಲ್ಲು ನುಂಗುತ್ತದೆ, ನದಿ ಕಾಣೋದಿಲ್ಲ. ನನಗೆ ನೀರು ಬೇಕು.

ದುಡ್ಡಿನ ಲೆಕ್ಕ, ನಾವು ಹೋದಾಗಿನದು. ಮೊರ್ವಾಂನಲ್ಲಿ ಹಾಸಿಗೆಗೆ ತಲಾ 20 ಯೂರೋ, ಸೆಲೆಯಲ್ಲಿ ಊಟ-ತಿಂಡಿ ಸೇರಿ 42ರಿಂದ 48. ಮೊರ್ವಾಂ ಅಗ್ಗ ಅನ್ನಿಸುತ್ತೆ ಅಲ್ವಾ? ಆದರೆ ಸೆತೋಂ ಹತ್ತಿರ ರೈಲು ಇಲ್ಲ. ವಾಪಸ್ ಸ್ಟೇಷನ್ನಿಗೆ ಟ್ಯಾಕ್ಸಿಗೇ 100 ಯೂರೋ ಹತ್ತಿರ ಹೋಯಿತು. ಫಿಜಾಕ್, ಕಾಓರ್ ಎರಡಕ್ಕೂ ರೈಲಿದೆ, ನಡೆದು ಹೋಗಿ ಹತ್ತಬಹುದು.

ಕಾರಿದ್ದವರು, ಟೆಂಟು ಹಾಕೋರು, ಜುಲೈನಲ್ಲಿ ಮಕ್ಕಳನ್ನು ನೀರಿಗಿಳಿಸಬೇಕು ಅನ್ನೋರು ಮೊರ್ವಾಂಗೇ ಹೋಗಿ. ಸಾಮಾನು ಡಿಕ್ಕಿಯಲ್ಲಿದ್ದರೆ ನನ್ನ ಸೋಮವಾರದ ಕಥೆ ನಿಮಗೆ ಬರೋದಿಲ್ಲ. ವೆಝ್‌ಲೆಯನ್ನಂತೂ ಯಾರೂ ತಪ್ಪಿಸಬೇಡಿ. ನನ್ನಂತೆ ಬೆನ್ನಿಗೆ ಚೀಲ ಹಾಕಿಕೊಂಡು ರೈಲಲ್ಲಿ ಬಂದು ಇಳಿಯೋರಿಗೆ ಸೆಲೆಯೇ ಸರಿ.

ಕೊನೆಯ ದಿನ ಕಾಓರ್‌ನ ವಾಲಾಂತ್ರೆ ಸೇತುವೆಯ ಮೇಲೆ ನಿಲ್ಲಿ. 1308ರಲ್ಲಿ ಶುರುವಾಗಿ ಮುಗಿಯೋಕೆ ಸುಮಾರು 70 ವರ್ಷ ಹಿಡಿಯಿತು. ಕಟ್ಟುವವನು ಸೈತಾನನ ಸಹಾಯ ಪಡೆದು, ಕೊನೆಗೆ ಜರಡಿಯಲ್ಲಿ ನೀರು ತಾ ಅಂತ ಹೇಳಿ ಸೋಲಿಸಿದನಂತೆ. ಸಿಟ್ಟಿಗೆದ್ದ ಸೈತಾನ ದಿನಾ ರಾತ್ರಿ ಒಂದು ಕಲ್ಲು ಕಿತ್ತುಹಾಕುತ್ತಿದ್ದನಂತೆ. 1879ರಲ್ಲಿ ದುರಸ್ತಿ ಮಾಡಿದವರು ನಡುಗೋಪುರದ ಮೂಲೆಯಲ್ಲಿ ಕಲ್ಲು ಕೀಳುತ್ತಿರೋ ಪುಟ್ಟ ಸೈತಾನನನ್ನು ಕೆತ್ತಿಟ್ಟಿದ್ದಾರೆ. ತಮ್ಮನಿಗೆ ಅದು ಕಣ್ಣಿಗೆ ಬೀಳೋಕೆ ಕಾಲು ಗಂಟೆ ಬೇಕಾಯಿತು.

ಬರೋ ಮೇ ತಿಂಗಳಲ್ಲಿ ಅಮ್ಮ ಬರುತ್ತಾರೆ. ಅವರಿಗೆ ದಿನಕ್ಕೆ 8 ಕಿ.ಮೀ. ಮೀರದ ಹಾಗೆ ಮಾರ್ಸಿಯಾಕ್‌ನಿಂದ ಸೇನ್ ಸಿರ್‌ವರೆಗೆ ಮಾತ್ರ ಅಂದುಕೊಂಡಿದ್ದೇನೆ. ಚೀಲ ಸಾಗಿಸೋ ವ್ಯಾನ್ ಸಿಗುತ್ತದೆ. ಬೇಳೆ ಬಡಿಸಿದ ಆ ಮನೆಗೆ ಈಗಾಗಲೇ ಫೋನ್ ಮಾಡಿ ಎರಡು ಹಾಸಿಗೆ ಹೇಳಿಟ್ಟಿದ್ದೇನೆ.